ಜೋಡಿ ಮಾತು

ನೀಲಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದಾಗ ಫೋನು ಬಂತು. ಶಾಸಕಿ ವಿನ್ನಿ ಟಾಸ್ಟ್ರುಡ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು.

ಮಾತಾಡಿದವಳು ವೆರ್ಲಾ, ಎದುರು ಪಕ್ಷದ ಶಾಸಕ ಅರ್ವಿಡ್ ಕ್ಲಾಸನ್‌ನ ಹೆಂಡತಿ. ವಾರಾಂತ್ಯದ ರಜೆಗೆ ಊರಿಗೆ ಬಂದಿದ್ದ ಅರ್ವಿಡ್ ಬೆಳಿಗ್ಗೆ ಸಭೆಗೆ ಹೊರಡುವ ಮೊದಲು ದನಗಳಿಗೆ ಮೇವು ಹಾಕುವಾಗ ಎದೆ ಹಿಡಿದುಕೊಂಡು ಬಿದ್ದನಂತೆ. ಆಸ್ಪತ್ರೆಯಲ್ಲಿದ್ದಾನೆ, ಇನ್ನೂ ಕಣ್ಣು ಬಿಟ್ಟಿಲ್ಲ. ಇವತ್ತು ಸಭೆಗೆ ಬರುವುದಿಲ್ಲವೆಂದು ತಿಳಿಸಲು ಅವಳಿಗೆ ಹೊಳೆದ ಹೆಸರು ವಿನ್ನಿಯದು.

"ಎಚ್ಚರ ಆದ ತಕ್ಷಣ ಹೇಳು," ಎಂದಳು ವಿನ್ನಿ, "ಜೋಡಿ ಮಾತು ಉಳಿಸ್ಕೊಳ್ತೀನಿ ಅಂತ."

ವೆರ್ಲಾಗೆ ಅದು ಅರ್ಥವಾಗಲಿಲ್ಲ. ಶಾಸನಸಭೆಯ ಒಳಗಿನವರಿಗಷ್ಟೇ ಗೊತ್ತಿರುವ ಮಾತು ಅದು. ಎದುರುಬದುರು ಪಕ್ಷದ ಇಬ್ಬರು ಕೈಕುಲುಕಿ ಒಪ್ಪಿಕೊಳ್ಳುತ್ತಾರೆ: ನಾವು ಒಬ್ಬರಿಗೊಬ್ಬರು ವಿರೋಧವಿರುವ ವಿಷಯ ಮತಕ್ಕೆ ಬಂದ ದಿನ ಒಬ್ಬರಿಗೆ ಬರಲಾಗದಿದ್ದರೆ ಇನ್ನೊಬ್ಬರೂ ಮತ ಹಾಕುವುದಿಲ್ಲ. ಅದನ್ನು ಎಲ್ಲೂ ಬರೆದಿಡುವುದಿಲ್ಲ. ವಿನ್ನಿಯ ಗಂಡ ತೀರಿಕೊಂಡ ವಾರ, ಅರ್ವಿಡ್ ತನ್ನದೇ ಮಸೂದೆ ಬೀಳುವುದನ್ನು ಕೈಕಟ್ಟಿ ಕೂತು ನೋಡಿದ್ದ. ಆಮೇಲೂ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ.

ಇವತ್ತು ಮತಕ್ಕೆ ಬರುವುದು ವಿನ್ನಿಯ ಮಸೂದೆ.

ಅವಳು ಶಾಸಕಿಯಾದದ್ದೇ ಅದಕ್ಕಾಗಿ. ಮಗ ಆರಿನ್‌ಗೆ ಆಗ ಹದಿನಾಲ್ಕು. ನೆರೆಯವರ ಎತ್ತರದ ತಗಡಿನ ಕಣಜದಲ್ಲಿ ಗಟ್ಟಿಕಟ್ಟಿದ ಜೋಳ ಬಿಡಿಸಲು ಒಳಗಿಳಿದಿದ್ದ. ತಳದಲ್ಲಿ ಯಂತ್ರ ಜೋಳವನ್ನು ಎಳೆಯುತ್ತಿತ್ತು. ಸೊಂಟಕ್ಕೆ ಹಗ್ಗವಿರಲಿಲ್ಲ. ಕಾಳು ಅವನನ್ನೂ ಎಳೆದುಕೊಂಡಿತು.

ಮರುವರ್ಷ ವಿನ್ನಿ ಹಳ್ಳಿಹಳ್ಳಿಗೂ ಹೋಗಿ ಬಾಗಿಲು ತಟ್ಟಿ ಓಟು ಕೇಳಿದಳು. ಗೆದ್ದಳು. ಮತ್ತೆ ಮತ್ತೆ ಗೆದ್ದಳು. ಸೇತುವೆ ತಂದಳು, ಮುಚ್ಚಲಿದ್ದ ಶಾಲೆಯನ್ನು ಉಳಿಸಿದಳು, ಅಷ್ಟರಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಯಂತ್ರ ಓಡುವಾಗ ಮಕ್ಕಳನ್ನು ಕಣಜಕ್ಕೆ ಇಳಿಸಬಾರದು, ದೊಡ್ಡವರೂ ಹಗ್ಗ ಕಟ್ಟಿಕೊಂಡೇ ಇಳಿಯಬೇಕು ಎಂಬ ಆ ಪುಟ್ಟ ಮಸೂದೆ ಮಾತ್ರ ಪ್ರತಿ ಸಲ ಬಿತ್ತು. ಪ್ರತಿ ಸಲವೂ ಮೊದಲು ಎದ್ದು ವಿರೋಧಿಸುತ್ತಿದ್ದವನು ಅರ್ವಿಡ್. ನನ್ನ ಅಂಗಳಕ್ಕೆ ಸರ್ಕಾರ ಕಾಲಿಡುವುದು ಬೇಡ ಎನ್ನುತ್ತಿದ್ದ.

ಹೋದ ವಾರ ಸಭೆಯ ಮೊಗಸಾಲೆಯಲ್ಲಿ ಅವನು ಅವಳನ್ನು ನಿಲ್ಲಿಸಿಕೊಂಡಿದ್ದ. ಮೊಮ್ಮಗ ತನಗಿಂತ ಉದ್ದ ಬೆಳೆದಿದ್ದಾನೆ, ಈ ವರ್ಷ ಕೊಯ್ಲಿಗೆ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಾನೆ ಎಂದೆಲ್ಲ ಹೇಳಿದ. ಹೊರಡುವಾಗ ಎಂದಿನಂತೆ ಕೆಣಕಿದ.

"ಓಟಿನ ದಿನ ಆ ನೀಲಿ ಕೋಟು ಹಾಕ್ಕೊಂಡ್ ಬಾ. ಫೋಟೋದವರು ಬರ್ತಾರೆ."

"ನನ್ನ ಸೋತ ಮುಖ ತೆಗೆಯೋಕಾ?"

"ಹಾಕ್ಕೊಂಡ್ ಬಾ ಮಾರಾಯ್ತಿ. ಗುಂಡಿ ಕಿತ್ತಿದೆ, ಹೊಲ್ಕೊ."

ಸೋತರೂ ಗುಂಡಿಯಿಲ್ಲದ ಕೋಟಿನಲ್ಲಿ ಸೋಲಬಾರದೆಂದು ಅವಳು ಹೊಲಿಯಲು ಕೂತಿದ್ದಳು.

ಮಧ್ಯಾಹ್ನ ಮತದ ಗಂಟೆ ಮೊಳಗಿತು. ಗೋಡೆಯ ಫಲಕದ ಮೇಲೆ ಹೆಸರುಗಳ ಮುಂದೆ ದೀಪಗಳು ಹೊತ್ತಿಕೊಂಡವು. ನಲವತ್ತೊಂಬತ್ತು ಹಸಿರು, ನಲವತ್ತೊಂಬತ್ತು ಕೆಂಪು. ಎರಡು ಹೆಸರುಗಳ ಮುಂದೆ ಮಾತ್ರ ಕತ್ತಲೆ, ಅರ್ವಿಡ್‌ನದು ಮತ್ತು ಅವಳದು. ಸಮಸಮವಾದರೆ ಮಸೂದೆ ಬಿದ್ದಂತೆ; ಇನ್ನೊಂದೇ ಒಂದು ಮತ ಬೇಕಿತ್ತು.

ಪಕ್ಕದ ಕುರ್ಚಿಯ ಡೆಲ್ಫೀನ್ ಅವಳ ತೋಳು ಹಿಡಿದಳು. "ಅವನಿಗೆ ಪ್ರಜ್ಞೆಯೇ ಇಲ್ಲ ವಿನ್ನಿ. ಒತ್ತು. ಯಾರು ಕೇಳ್ತಾರೆ?"

"ನಾನೇ ಕೇಳ್ತೀನಲ್ಲ."

ಸಭಾಧ್ಯಕ್ಷನಿಗೂ ವಿಷಯ ಗೊತ್ತಿತ್ತು. ಸುತ್ತಿಗೆಯನ್ನು ಎತ್ತಿದವನು ಬೇಕೆಂದೇ ತಡಮಾಡಿದ. ವಿನ್ನಿ ಫಲಕ ನೋಡಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಒದ್ದೆಗಣ್ಣಿನಲ್ಲಿ ಮೇಜಿನ ಮರದ ಗೆರೆಗಳನ್ನು ನೋಡುತ್ತಿದ್ದಳು. ಸುತ್ತಿಗೆ ಬಿತ್ತು.

ಅವಳು ನೇರ ಆಸ್ಪತ್ರೆಗೆ ಕಾರು ಓಡಿಸಿದಳು. ದಾರಿಯ ಎರಡೂ ಬದಿ ಕೊಯ್ದ ಹೊಲಗಳು, ತಗಡಿನ ಕಣಜಗಳು. ಕೈಚೀಲದಲ್ಲಿ ರಾಜೀನಾಮೆ ಪತ್ರವಿತ್ತು. ಬರೆದು ಮೂರು ವರ್ಷವಾಗಿತ್ತು. ಮಸೂದೆ ಗೆದ್ದ ದಿನ ಕಳಿಸುವುದೆಂದು ಇಟ್ಟುಕೊಂಡಿದ್ದಳು. ಇನ್ನು ಕಾಯುವುದಕ್ಕೆ ಅವಳಲ್ಲಿ ಏನೂ ಉಳಿದಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿದ್ದ ಅಂಚೆ ಡಬ್ಬಿಗೆ ಅದನ್ನು ಹಾಕಿ ಒಳಗೆ ಹೋದಳು.

ಅರ್ವಿಡ್ ಆಗಷ್ಟೇ ಕಣ್ಣು ಬಿಟ್ಟಿದ್ದ. ನೀನು ಹೇಳಿದ್ದನ್ನು ಹೇಳಲು ಇನ್ನೂ ಪುರಸೊತ್ತೇ ಆಗಲಿಲ್ಲ ಎಂದು ವೆರ್ಲಾ ಪಿಸುಗುಟ್ಟಿ, ಕುರ್ಚಿ ಬಿಟ್ಟುಕೊಟ್ಟಳು. ಅವನು ಮೊದಲು ನೋಡಿದ್ದು ನೀಲಿ ಕೋಟನ್ನು. ಬಿಳುಚಿದ ತುಟಿಗಳು ಅಲ್ಲಾಡಿದವು.

"ಎಷ್ಟು ಮತದ ಅಂತರ?"

ಕೆಣಕುತ್ತಿದ್ದಾನೆ ಎಂದುಕೊಂಡಳು. ಹೆಚ್ಚು ಮಾತಾಡುವ ಚೈತನ್ಯ ಅವಳಿಗಿರಲಿಲ್ಲ.

"ಒಂದೇ."

ಅರ್ವಿಡ್‌ನ ಮುಖ ಅರಳಿತು. ಸೂಜಿ ಚುಚ್ಚಿದ್ದ ಕೈಯನ್ನೇ ಕಷ್ಟಪಟ್ಟು ಚಾಚಿ ಅವಳ ಬೆರಳು ಹಿಡಿದುಕೊಂಡ.

"ನಾನಿದ್ದಿದ್ರೆ ಎರಡಾಗ್ತಿತ್ತು ವಿನ್ನಿ. ಈ ಸಲ ನಾನೂ ಹಸಿರೇ ಒತ್ತೋನಿದ್ದೆ."