ಮೂರರಿಂದ ನಾಲ್ಕರವರೆಗೆ

ಮೂರನೆಯ ಯುಪಿಎಸ್ ಕೂಡ ಅಂಗಡಿಗೆ ವಾಪಸ್ ಬಂತು.

ಬ್ಯಾಟರಿ ಮಾಮ ಅದನ್ನು ಮೇಜಿನ ಮೇಲಿಟ್ಟು, ಬಲ್ಬೊಂದನ್ನು ಸಿಕ್ಕಿಸಿ, ಕರೆಂಟಿನ ಪ್ಲಗ್ ಕಿತ್ತ. ಬಲ್ಬು ಉರಿಯುತ್ತಲೇ ಇತ್ತು. ಒಂದು ಗಂಟೆ ಕಳೆಯಿತು, ಒಂದೂಕಾಲು ಗಂಟೆಯೂ ಆಯಿತು. ಮೊದಲಿನ ಎರಡೂ ಹೀಗೆಯೇ. ಅಂಗಡಿಯಲ್ಲಿ ಗುಂಡುಕಲ್ಲಿನ ಹಾಗೆ ಇರುತ್ತವೆ, ಆ ಮನೆಗೆ ಹೋದರೆ ಕರೆಂಟ್ ಹೋದ ಮರುಕ್ಷಣವೇ ಸಾಯುತ್ತವೆ.

ಮಾಮನಿಗೆ ಸಾಕಾಗಿತ್ತು. ಮಾಮ ಆರಿಸಿಕೊಟ್ಟ ಮಾಲು ತಿರುಗಿ ಬರುವುದಿಲ್ಲ ಎಂಬ ಹೆಸರಿನ ಮೇಲೆ ಮೂವತ್ತು ವರ್ಷ ದುಡಿದವನು ಅವನು. ಈಗ ಮಾಲೀಕ ಹೇಳಿಬಿಟ್ಟಿದ್ದ: "ಇನ್ನೊಂದ್ಸಲ ಆ ಮನೆಯಿಂದ ಫೋನ್ ಬಂದ್ರೆ ನೀವು ಗೋದಾಮಿನಲ್ಲಿ ಕೂತ್ಕೊಳ್ಳಿ. ಗಿರಾಕಿಗಳನ್ನ ಬೇರೆಯವರು ನೋಡ್ಕೋತಾರೆ."

ತಿಂಗಳ ಹಿಂದೆ ಗಂಡ ಹೆಂಡತಿ ಜೊತೆಯಾಗಿ ಬಂದಿದ್ದರು. ಅವಳದು ಮನೆಯಲ್ಲೇ ಕಂಪ್ಯೂಟರ್ ಕೆಲಸ. ದೂರದ ಯಾವುದೋ ಆಸ್ಪತ್ರೆಯ ವೈದ್ಯರು ಹೇಳಿ ಕಳಿಸಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡುವುದು. ಅವರ ಬೀದಿಯಲ್ಲಿ ದಿನಾ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಕರೆಂಟ್ ಇರುವುದಿಲ್ಲ.

"ಒಂದು ನಿಮಿಷಾನೂ ನಿಲ್ಲಬಾರದು. ಬೇರೆಯವರ ಕೆಲಸ ನಡೀತಾ ಇದ್ದು ಇವಳದ್ದು ನಿಂತಿದ್ರೆ, ಮೊದಲು ತೆಗೆಯೋದು ಇವಳನ್ನೇ," ಎಂದಿದ್ದ ಗಂಡ. ಆ ಮನೆ ನಿಂತಿದ್ದು ಅವಳ ಕೆಲಸದ ಮೇಲೆ.

ಮಾಮ ಎಂದಿನ ಪಾಠ ಒಪ್ಪಿಸಿದ್ದ. ಕಂಪ್ಯೂಟರ್ ಎಷ್ಟು ಕರೆಂಟ್ ಎಳೆಯುತ್ತದೆ, ಪ್ರಿಂಟರನ್ನು ಯಾಕೆ ಇದಕ್ಕೆ ಸಿಕ್ಕಿಸಬಾರದು, ಎಲ್ಲ. ನಡುವೆ ಗಂಡ ಫೋನು ಹಿಡಿದು ಹೊರಗೆ ಹೋದಾಗ ಅವಳು ಕೇಳಿದ್ದು ಒಂದೇ ಮಾತು: "ಬ್ಯಾಟರಿ ಬದಲಾಯಿಸೋಕೆ ನಿಮ್ಮನ್ನೇ ಕರೀಬೇಕಾ?" ಅಷ್ಟಕ್ಕೆಲ್ಲ ಯಾಕಮ್ಮ ಎಂದು ಮಾಮ ಪೆಟ್ಟಿಗೆ ಬೋರಲು ಹಾಕಿ, ತಳದ ನಾಲ್ಕು ಸ್ಕ್ರೂ ಬಿಚ್ಚಿ ತೋರಿಸಿದ್ದ. ಅವಳು ಆಕಳಿಕೆ ತಡೆದುಕೊಂಡು ತಲೆಯಾಡಿಸಿದ್ದಳು.

ಈ ಸಲ ಮಾಮ ಬೆಳಿಗ್ಗೆ ತಾನೇ ಹೋಗಿ ಅದೇ ಮೂರನೆಯದನ್ನು ಮತ್ತೆ ಕೂರಿಸಿ ಬಂದ. ಮೂರು ಗಂಟೆ ಐದು ನಿಮಿಷಕ್ಕೆ ಗಂಡನ ಫೋನ್ ಬಂತು.

"ಈಗ ತಾನೇ ಮನೆಗೆ ಫೋನ್ ಮಾಡಿದ್ದೆ. ಮತ್ತೆ ಹೋಯ್ತಂತೆ!"

ಮಾಮ ಸೈಕಲ್ ಹತ್ತಿದ. ಪೆಟ್ಟಿಗೆ ಸರಿಯಿದೆ, ಬೆಳಿಗ್ಗೆ ತಾನೇ ನೋಡಿದ ಮನೆಯ ವೈರಿಂಗೂ ಸರಿಯಿದೆ. ಹಾಗಾದರೆ ಇದು ಯಾರದೋ ಕೈವಾಡ. ಹಗಲು ಆ ಮನೆಯಲ್ಲಿ ಇರುವವರೇ ಇಬ್ಬರು, ಅತ್ತೆ ಮತ್ತು ಸೊಸೆ. ಬೆಳಿಗ್ಗೆ ಅವನು ವೈರು ಜೋಡಿಸುವಾಗ ಅತ್ತೆ ಬಾಗಿಲಲ್ಲಿ ನಿಂತು, "ಈ ಹಾಳು ಪೆಟ್ಟಿಗೆ ಸುಟ್ಟಾದ್ರೂ ಹೋಗಬಾರದಾ," ಎಂದು ಗೊಣಗಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ತನ್ನ ಕಾಲ ಮುಗಿಯಿತೆಂದು ಮುದುಕಿಗೆ ಹೊಟ್ಟೆಯುರಿ, ಅದಕ್ಕೆ ಬಲಿ ತನ್ನ ಹೆಸರು ಎಂದುಕೊಂಡು ಮಾಮ ಜೋರಾಗಿ ಪೆಡಲು ತುಳಿದ.

ಬಾಗಿಲು ತೆರೆದವಳು ಅತ್ತೆ. ಅವನನ್ನು ಕಂಡು ಮುಖ ಬಿಳಿಚಿಕೊಂಡಿತು. ಕೂರಿಸಿ ನೀರು ಕೊಟ್ಟಳು. ಕೈ ನಡುಗಿ ಲೋಟದ ಅರ್ಧ ನೀರು ಅವನ ಅಂಗಿಯ ಮೇಲೆ ಚೆಲ್ಲಿತು. ಕಳ್ಳರ ಕೈ ನಡುಗುವುದು ಸಹಜವೇ ಎಂದು ಮಾಮ ನೀರು ಮುಟ್ಟದೆ ಎದ್ದು ಒಳಗೆ ನಡೆದ.

ಕಂಪ್ಯೂಟರ್ ಮೇಜಿನ ಪಕ್ಕದಲ್ಲಿ, ಬರಿಯ ನೆಲದ ಮೇಲೆ ಸೊಸೆ ಮಲಗಿದ್ದಳು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಇನ್ನೂ ಕೊರಳಲ್ಲೇ ಇತ್ತು. ಮೇಜಿನ ಕೆಳಗೆ ಯುಪಿಎಸ್ ಬೋರಲು ಬಿದ್ದಿತ್ತು. ತಳದ ಮುಚ್ಚಳ ತೆರೆದು, ಕೆಂಪು ವೈರನ್ನು ಬ್ಯಾಟರಿಯಿಂದ ಕಿತ್ತಿದ್ದರು. ಪಕ್ಕದಲ್ಲಿ ಒಂದು ಬಟ್ಟಲು, ಅದರಲ್ಲಿ ಹೆಸರುಕಾಳಿನಷ್ಟು ಸಣ್ಣ ಮೂರು ಸ್ಕ್ರೂ. ನಾಲ್ಕನೆಯದು ಕಾಣಲಿಲ್ಲ.

ಮಾಮ ಬಾಯಿ ತೆರೆಯುವ ಮೊದಲೇ ಅತ್ತೆ ತುಟಿಗೆ ಬೆರಳಿಟ್ಟಳು.

"ನಾನೇ ಬಿಚ್ಚಿದ್ದು. ಮೊದಲಿನ ಎರಡನ್ನೂ ನಾನೇ. ನಾಲ್ಕು ಗಂಟೆಗೆ ಮತ್ತೆ ಸೇರಿಸಿಬಿಡ್ತೀನಿ."

"ಯಾಕಮ್ಮಾ? ಅವರ ಕೆಲಸ ಹೋದ್ರೆ ನಿಮಗೇನು ಸಿಗುತ್ತೆ?"

"ಎದ್ದು ನೀರು ಕುಡಿದ್ರೂ ಆ ಕಂಪನಿಗೆ ಗೊತ್ತಾಗುತ್ತಪ್ಪ. ಯಾಕೆ ಎದ್ದೆ ಅಂತ ಕೇಳ್ತಾರೆ. ಕರೆಂಟ್ ಹೋದ್ರೆ ಮಾತ್ರ ಯಾರೂ ಕೇಳಲ್ಲ. ನನ್ನ ಮಗ ಕೆಟ್ಟವನಲ್ಲ, ಆದ್ರೆ ಹೆದರ್ಕೋತಾನೆ. ಪ್ಲಗ್ ತೋರಿಸು, ಸ್ವಿಚ್ ತೋರಿಸು ಅಂತ ಫೋನಲ್ಲೇ ನೋಡ್ತಾನೆ. ನೀನು ಬೇರೆ ಒಂದಕ್ಕಿಂತ ಒಂದು ಒಳ್ಳೇದು ತಂದು ಕೂರಿಸ್ತೀಯ." ಮುದುಕಿ ಸೊಸೆಯ ಕಡೆ ನೋಡಿದಳು. "ಅವಳು ಮಲಗೋದು ಯಾವಾಗ, ಹೇಳು?"

ಮಾಮನಿಗೆ ನಾಚಿಕೆಯಾಯಿತು. ಬೆಳಗಿನಿಂದ ಅಂಗಡಿಯಲ್ಲಿ ನಿಂತು ನಿಂತು ಹಿಡಿದಿದ್ದ ತನ್ನ ಸೊಂಟದ ನೋವು ಆಗ ನೆನಪಾಯಿತು. ಬಾಗಿಲ ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದ.

"ಸಾರ್, ತಪ್ಪು ನಂದೇ. ನಿಮ್ಮ ಲೈನಿಗೆ ದೊಡ್ಡದು ಒಗ್ಗಲ್ಲ. ಹತ್ತು ನಿಮಿಷದ್ದು ಒಂದು ಹಾಕ್ತೀನಿ. ಮಾಡಿದ ಕೆಲಸ ಉಳಿಸಿ ಕಂಪ್ಯೂಟರ್ ಆಫ್ ಮಾಡೋಕೆ ಅಷ್ಟು ಸಾಕು. ಅದಕ್ಕಿಂತ ಹೆಚ್ಚು ನಿಮ್ಮ ಮನೇಲಿ ಯಾವುದೂ ನಿಲ್ಲಲ್ಲ."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು? ವಯಸ್ಸಾಯ್ತು ಕಣ್ರೀ ನಿಮಗೆ! ನಿಮ್ಮ ಮಾಲೀಕರ ಹತ್ತಿರ ಮಾತಾಡ್ತೀನಿ."

"ಮಾತಾಡಿ ಸಾರ್. ವಯಸ್ಸಾಯ್ತು, ನಿಜ."

ಹಾವು ಸಾಯಲಿಲ್ಲ, ಕೋಲು ಮಾತ್ರ ಮುರಿಯಿತು. ನಾಳೆಯಿಂದ ಗೋದಾಮು. ಅಲ್ಲಿ ಕುರ್ಚಿಯಾದರೂ ಇದೆ ಎಂದುಕೊಂಡು ಮಾಮ ಒಳಗೆ ಬಂದು, ಸದ್ದಾಗದಂತೆ ಕೆಂಪು ವೈರು ಸೇರಿಸಿ ಮುಚ್ಚಳ ಹಾಕಿದ.

"ಇನ್ನೊಂದು ಸ್ಕ್ರೂ ಎಲ್ಲಮ್ಮಾ?"

ಅತ್ತೆ ಬಟ್ಟಲು ನೋಡಿದಳು, ನೆಲ ನೋಡಿದಳು, ತಬ್ಬಿಬ್ಬಾದಳು. "ಇಲ್ಲೇ ಇಟ್ಟಿದ್ದೆನಲ್ಲ..." ಎನ್ನುತ್ತ ಬಟ್ಟಲಿನಿಂದ ಒಂದನ್ನು ಎತ್ತಿಕೊಡಲು ಹೋದಳು. ನಡುಗುವ ಬೆರಳಿಗೆ ಅದು ಸಿಗಲಿಲ್ಲ. ಎರಡನೆಯ ಸಲವೂ ಸಿಗಲಿಲ್ಲ. ಮೂರನೆಯ ಸಲ ಬಟ್ಟಲೇ ಮಗುಚಿತು.

ಆ ಸದ್ದಿಗೆ ಸೊಸೆ ನಿದ್ದೆಯಲ್ಲೇ ಮಗ್ಗುಲಾದಳು. ಮುಷ್ಟಿ ಸಡಿಲವಾಗಿ, ನಾಲ್ಕನೆಯ ಸ್ಕ್ರೂ ಅವಳ ಅಂಗೈಯಿಂದ ಉರುಳಿ ಮಾಮನ ಕಾಲ ಬಳಿ ಬಂದು ನಿಂತಿತು.