ಏಳನೇ ನಂಬರ್ ಬಸ್ಸಿನ ಅಹವಾಲು

ಅಮೆರಿಕದ ಒಂದು ಸಣ್ಣ ಊರಿನಲ್ಲಿ ಏಳನೇ ನಂಬರ್ ಬಸ್ಸನ್ನು ನಿಲ್ಲಿಸುವ ಯೋಚನೆ ನಡೆದಿತ್ತು. ಪ್ರಯಾಣಿಕರ ಅಹವಾಲು ಕೇಳಲು ಸಾರಿಗೆ ಸಮಿತಿಯವರು ದೊಡ್ಡ ಮನಸ್ಸು ಮಾಡಿ ಸಭೆ ಕರೆದರು. ಸಭೆ ಸಂಜೆ ಏಳಕ್ಕೆ, ಊರಾಚೆಯ ಹೊಸ ಕಚೇರಿಯಲ್ಲಿ. ಕೊನೆಯ ಬಸ್ಸು ಐದಕ್ಕೇ ಹೋಗಿಬಿಡುತ್ತಿತ್ತು. ಆ ಕಚೇರಿಯ ಕಡೆಗಂತೂ ಯಾವ ಬಸ್ಸೂ ಇರಲಿಲ್ಲ.

ಲೊರೆಟ್ಟಾಗೆ ಅರವತ್ತೆಂಟು ವರ್ಷ. ವಾರಕ್ಕೆ ಮೂರು ದಿನ ಗಂಡನನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಅವಳಿಗೆ ಆ ಬಸ್ಸೊಂದೇ ಗತಿ. ಹೆದ್ದಾರಿಯ ಅಂಚಿನಲ್ಲಿ ನಾಲ್ಕು ಮೈಲಿ ನಡೆದು ಅವಳು ಏದುಸಿರು ಬಿಡುತ್ತಾ ಒಳಗೆ ಬಂದಾಗ, ಐವರು ಸದಸ್ಯರು ಖಾಲಿ ಕುರ್ಚಿಗಳ ಎದುರು ಕೂತು ಕಾಫಿ ಕುಡಿಯುತ್ತಿದ್ದರು.

"ಸದ್ಯ, ಒಬ್ಬರಾದ್ರೂ ಬಂದ್ರಲ್ಲ! ಕಾರು ನಿಲ್ಲಿಸೋಕೆ ಜಾಗ ಸಿಕ್ತಾ?" ಎಂದರು ಅಧ್ಯಕ್ಷರು.

"ಕಾರಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಸರ್? ನಡ್ಕೊಂಡು ಬಂದೆ."

"ಮನೆ ಎಲ್ಲಿ?"

"ಹಳೇ ಗಿರಣಿ ಹತ್ರ. ಆ ಬಸ್ ನಿಂತ್ರೆ ನನ್ ಗಂಡ ಬದುಕೋದಿಲ್ಲ."

"ಗಿರಣಿಯಿಂದ ಇಲ್ಲೀವರೆಗೂ ನಡೆದ್ರಾ? ಈ ವಯಸ್ಸಲ್ಲಿ?" ಅಧ್ಯಕ್ಷರು ಮೆಚ್ಚಿ ತಲೆದೂಗಿದರು. ಆಮೇಲೆ ಗುಮಾಸ್ತೆಯ ಕಡೆ ತಿರುಗಿದರು.

"ಬರ್ಕೊಳ್ಳಮ್ಮ. ಸಭೆಗೆ ಬಂದಿದ್ದ ಒಬ್ಬರೇ ಪ್ರಯಾಣಿಕರಿಗೂ ಬಸ್ಸಿನ ಅಗತ್ಯ ಕಂಡುಬರಲಿಲ್ಲ."