ಒಂದೇ ಜೊತೆ ಚಪ್ಪಲಿ

ಮತ ಹಾಕುವ ಮೊದಲು ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಯ ಹೆಸರಿನ ಬಾಗಿಲು ತೆರೆದು, ಅವರ ಹವಾಮಾನದ ಭರವಸೆ ನಂಬಿದರೆ ಮೊಮ್ಮಕ್ಕಳ ಕಾಲಕ್ಕೆ ತನ್ನ ಮನೆ ಹೇಗಿರುತ್ತದೆಂದು ನೋಡಿಬರುವುದು ಗಂಗೊಳ್ಳಿಯ ಶೇವಂತಿಗೆ ಪ್ರತಿ ಚುನಾವಣೆಯ ರೂಢಿ.

ಮೊದಲ ಬಾಗಿಲಾಚೆ ಅಡುಗೆಕೋಣೆಗೆ ಸಮುದ್ರ ನುಗ್ಗಿತ್ತು. ಎರಡನೆಯದರಲ್ಲಿ ಬಾವಿಯ ತಳ ಬಿರಿದಿತ್ತು. ಮೂರನೆಯದರಲ್ಲಿ ಮಾತ್ರ ತಂಗಾಳಿ, ತುಂಬಿದ ಬಾವಿ, ಆಗಷ್ಟೇ ಗುಡಿಸಿದಂತಿದ್ದ ಅಂಗಳ. ಶೇವಂತಿ ಚಪ್ಪಲಿ ಬಿಟ್ಟು ಒಳಹೋಗಿ ಕರೆದಳು, ಯಾರೂ ಓಗೊಡಲಿಲ್ಲ. ಹೊರಬಂದರೆ ಮೆಟ್ಟಿಲ ಬಳಿ ಅವಳದೊಂದೇ ಜೊತೆ ಚಪ್ಪಲಿ.

“ಜನ ಎಲ್ಲ್ ಹೋಯಿರ್ ಮರಾಯ್ರೆ?” ಎಂದು ಮತಗಟ್ಟೆಯ ಅಧಿಕಾರಿಯನ್ನು ಕೇಳಿದಳು.

“ಗಾಳಿ, ನೀರು ನೋಡಿದ್ರಲ್ಲಮ್ಮ? ಜನರ ಬಗ್ಗೆ ಆ ಅಭ್ಯರ್ಥಿ ಮಾತು ಕೊಟ್ಟಿಲ್ಲ,” ಎನ್ನುತ್ತ ಅವರು ಅವಳ ಬೆರಳಿಗೆ ಶಾಯಿ ಹಚ್ಚಿದರು.

ನೋಡಿಬಂದವರೆಲ್ಲ ಸಾಲಿನಲ್ಲಿ ಖುಷಿಯಿಂದ ಹೇಳಿಕೊಳ್ಳುತ್ತಿದ್ದರು: “ಮೂರನೇದೇ ಲಾಯ್ಕ್ ಇತ್ತ್.”